ಬುದ್ಧಿಹಲ್ಲಿನ ಮೇಲೆ ಒಸಡು ಬಾತರೆ: ಗುಳಿಗೆಗಿಂತ ಮೊದಲು ಆಗಬೇಕಾದ ಕೆಲಸ

ಕೊನೆಯ ದವಡೆ ಹಲ್ಲಿನ ಹಿಂದೆ ಒಸಡು ಬಾತು, ಆ ಕಡೆ ಅಗಿಯಲಿಕ್ಕೆ ಆಗದೆ, ಕಿವಿಯವರೆಗೂ ನೋವು ಹೊಡೆಯುತ್ತಿದ್ದರೆ ನಮ್ಮ ಉತ್ತರ ಕನ್ನಡದ ಕಡೆ ಜನ ಮೊದಲು ಹೋಗುವುದು ಮೆಡಿಕಲ್ ಅಂಗಡಿಗೆ. "ಹಲ್ಲುನೋವಿಗೆ ಏನಾದ್ರೂ ಕೊಡಿ" ಅಂದರೆ ಅಲ್ಲಿಂದ ನಾಲ್ಕು ಗುಳಿಗೆ ಸಿಗುತ್ತದೆ. ಎರಡು ದಿನದಲ್ಲಿ ನೋವು ಇಳಿಯುತ್ತದೆ, ಮರೆತೂ ಹೋಗುತ್ತದೆ. ತಿಂಗಳೊಪ್ಪತ್ತು ಬಿಟ್ಟು ಅದೇ ಜಾಗದಲ್ಲಿ ಅದೇ ನೋವು, ಈ ಸಲ ಸ್ವಲ್ಪ ಜಾಸ್ತಿ. ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಎಲ್ಲಿ ಕೇಳಿದರೂ ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಹೀಗೆ ಆಗಿರುತ್ತದೆ. ಕಾರಣ ಸರಳ. ಗುಳಿಗೆ ನೋವನ್ನು ಇಳಿಸುತ್ತದೆ, ಒಸಡಿನ ಕೆಳಗೆ ಕೂತ ಕೊಳೆಯನ್ನು ತೆಗೆಯುವುದಿಲ್ಲ. ಅದನ್ನು ತೆಗೆಯುವುದು ಹೇಗೆ, ಮನೆಯಲ್ಲಿ ಎಷ್ಟು ಮಾಡಬಹುದು, ಯಾವಾಗ ಎಲ್ಲಾ ಬಿಟ್ಟು ಆಸ್ಪತ್ರೆಗೆ ಓಡಬೇಕು, ಇದಿಷ್ಟನ್ನು ಇಲ್ಲಿ ಬರೆದಿದ್ದೇನೆ.

ಯಾಕೆ ಬಾಯುತ್ತದೆ

ಬುದ್ಧಿಹಲ್ಲು ಬರುವುದು ಸಾಮಾನ್ಯವಾಗಿ 17ರಿಂದ 25 ವರ್ಷದ ಒಳಗೆ. ಅಷ್ಟು ಹೊತ್ತಿಗೆ ದವಡೆಯಲ್ಲಿ ಉಳಿದ ಹಲ್ಲುಗಳೆಲ್ಲ ಕೂತಾಗಿರುತ್ತದೆ. ಇದಕ್ಕೆ ಜಾಗ ಸಾಲುವುದಿಲ್ಲ. ಹಾಗಾಗಿ ಅರ್ಧ ಹೊರಗೆ ಬಂದು ಅಲ್ಲೇ ನಿಲ್ಲುತ್ತದೆ, ಇಲ್ಲವೇ ಮುಂದಿನ ಹಲ್ಲಿಗೆ ಒರಗಿಕೊಂಡು ಅಡ್ಡ ಬೆಳೆಯುತ್ತದೆ. ಅರ್ಧ ಬಂದ ಹಲ್ಲಿನ ತಲೆಯ ಮೇಲೆ ಒಸಡಿನ ಒಂದು ಪದರ ಮುಚ್ಚಿಕೊಂಡೇ ಇರುತ್ತದೆ. ಆ ಪದರಕ್ಕೂ ಹಲ್ಲಿಗೂ ನಡುವೆ ಒಂದು ಸಂದು. ಹೆಂಚಿನ ಸಂದಿಯಲ್ಲಿ ತರಗೆಲೆ ಸೇರಿಕೊಂಡ ಹಾಗೆ ಅಲ್ಲಿ ಅನ್ನದ ಅಗುಳು, ಅವಲಕ್ಕಿ ಚೂರು, ಮೀನಿನ ಸಣ್ಣ ಮುಳ್ಳು, ಹಪ್ಪಳದ ಪುಡಿ ಎಲ್ಲ ಸೇರಿ ಕೂರುತ್ತದೆ. ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ. ಗಾಳಿ ಆಡದ ಜಾಗದಲ್ಲಿ ಬೆಳೆಯುವ ಬ್ಯಾಕ್ಟೀರಿಯಾಕ್ಕೆ ಅದೇ ಬೇಕು. ಒಸಡು ಕೆಂಪಾಗಿ ಬಾಯುತ್ತದೆ, ಕೀವು ತುಂಬುತ್ತದೆ. ಹಲ್ಲಿನ ವೈದ್ಯರು ಇದನ್ನು ಪೆರಿಕೊರೊನೈಟಿಸ್ ಎನ್ನುತ್ತಾರೆ.

ಇದು ಹೆಚ್ಚಾಗಿ ಕೆಳದವಡೆಯಲ್ಲೇ ಆಗುವುದು. ಒಮ್ಮೆ ಬಾತ ಮೇಲೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಮೇಲಿನ ಬುದ್ಧಿಹಲ್ಲು ಬಾತ ಒಸಡನ್ನೇ ಕಚ್ಚತೊಡಗುತ್ತದೆ. ಕಚ್ಚಿದಷ್ಟೂ ಬಾವು, ಬಾತಷ್ಟೂ ಮತ್ತೆ ಕಚ್ಚುತ್ತದೆ. ಎಷ್ಟೇ ಬಾಯಿ ಮುಕ್ಕಳಿಸಿದರೂ ಕೆಲವರಿಗೆ ನೋವು ಇಳಿಯದೇ ಇರುವುದು ಇದರಿಂದಲೇ. ಇದನ್ನು ಮನೆಯಲ್ಲಿ ಸರಿ ಮಾಡಲಿಕ್ಕೆ ಬರುವುದಿಲ್ಲ, ವೈದ್ಯರು ಮೇಲಿನ ಹಲ್ಲಿನ ಚೂಪು ತುದಿ ಉಜ್ಜಬೇಕು, ಇಲ್ಲವೇ ಆ ಹಲ್ಲನ್ನೇ ತೆಗೆಯಬೇಕು.

ನೆಗಡಿ, ಗಂಟಲು ಕೆರೆತ ಬಂದ ವಾರದಲ್ಲಿ, ನಿದ್ದೆಗೆಟ್ಟು ಓದುವ ಪರೀಕ್ಷೆಯ ದಿನಗಳಲ್ಲಿ, ಬಸುರಿಯಲ್ಲಿ ಇದು ಕೆರಳುವುದು ಜಾಸ್ತಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಬೇಗ ಹಬ್ಬುತ್ತದೆ. ಪಿಯುಸಿ, ಡಿಗ್ರಿ ಓದುವ ಮಕ್ಕಳು ಮನೆಯಲ್ಲಿದ್ದರೆ ಅವರ ಬಾಯಿಯ ಕಡೆ ಒಂದು ಕಣ್ಣಿಡಿ. ಹಾಸ್ಟೆಲ್‌ನಲ್ಲಿ ಇರುವವರಂತೂ ಹೇಳುವುದೇ ಇಲ್ಲ, ಬಾಯಿ ತೆರೆಯಲಿಕ್ಕೆ ಆಗದೇ ಹೋದಾಗಲೇ ಮನೆಗೆ ಫೋನ್ ಬರುವುದು.

ಮೊದಲು ಸರಿಯಾಗಿ ನೋಡಿಕೊಳ್ಳಿ

ಕೈ ತೊಳೆದುಕೊಂಡು ಕನ್ನಡಿ ಮುಂದೆ ನಿಲ್ಲಿ. ಮನೆಯವರ ಹತ್ತಿರ ಮೊಬೈಲ್ ಟಾರ್ಚ್ ಹಿಡಿಸಿ. ಒಂದು ಚಮಚದ ಹಿಂಬದಿಯಿಂದ ಕೆನ್ನೆಯನ್ನು ಮೆಲ್ಲಗೆ ಆಚೆ ಸರಿಸಿ. ಕೊನೆಯ ಹಲ್ಲಿನ ಹಿಂದೆ ಕೆಂಪಗೆ, ಹೊಳೆಯುವ, ಉಬ್ಬಿದ ಒಂದು ತುಂಡು ಒಸಡು ಕಾಣುತ್ತದೆ. ಅದರ ಅಂಚಿನಲ್ಲಿ ಹಲ್ಲಿನ ಬಿಳಿ ಮೂಲೆ ಇಣುಕುತ್ತಿರಬಹುದು. ಒಸಡಿನ ಮೇಲೆ ಮೇಲಿನ ಹಲ್ಲಿನ ಗುರುತು ಗುಳಿಯ ಹಾಗೆ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಮೇಲಿನ ಹಲ್ಲು ಕಚ್ಚುತ್ತಿದೆ ಅಂತಲೇ ಅರ್ಥ. ವೈದ್ಯರ ಹತ್ತಿರ ಹೋದಾಗ ಇದನ್ನು ಹೇಳಿ. ಒಂದು ಫೋಟೋ ತೆಗೆದಿಟ್ಟುಕೊಂಡರೆ ನಾಳೆ ಬಾವು ಏರಿದೆಯೋ ಇಳಿದಿದೆಯೋ ಹೋಲಿಸಿ ನೋಡಲಿಕ್ಕೆ ಬರುತ್ತದೆ.

ಆಮೇಲೆ ಬಾಯಿ ಎಷ್ಟು ತೆರೆಯುತ್ತದೆ ನೋಡಿ. ನಿಮ್ಮದೇ ಕೈಯ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ತೂರಿಸಿ. ಆರಾಮದಲ್ಲಿ ಇರುವವರಿಗೆ ಮೂರು ಬೆರಳು ಹಿಡಿಸುತ್ತದೆ. ಎರಡೇ ಹಿಡಿಸಿದರೆ ಸೋಂಕು ಅಗಿಯುವ ಸ್ನಾಯುವಿನ ಕಡೆ ಹೊರಟಿದೆ, ಅವತ್ತೋ ಮರುದಿನವೋ ವೈದ್ಯರಿಗೆ ತೋರಿಸಬೇಕು. ಒಂದೇ ಬೆರಳು ಹಿಡಿಸಿದರೆ ಕಾಯಬೇಡಿ.

ಇಷ್ಟಲ್ಲದೆ ಬಾಯಿ ವಾಸನೆ, ಏನು ತಿಂದರೂ ಕೆಟ್ಟ ರುಚಿ, ನುಂಗುವಾಗ ನೋವು, ಗದ್ದದ ಕೆಳಗೆ ಆ ಕಡೆ ಒಂದು ಗಂಟು ಸಿಕ್ಕುವುದು, ಸಣ್ಣ ಜ್ವರ, ಇವೆಲ್ಲ ಇರಬಹುದು. ನೋವು ಕಿವಿಗೆ ಹೋಗುವುದರಿಂದ ಕಿವಿಗೆ ಡ್ರಾಪ್ಸ್ ಹಾಕಿಕೊಂಡು ಕೂತವರಿದ್ದಾರೆ. ಕಿವಿ ನೋಯುತ್ತಿದೆ ಆದರೆ ಕೇಳಿಸುವುದು ಸರಿ ಇದೆ, ಕಿವಿ ಸೋರುತ್ತಿಲ್ಲ, ಅಗಿಯುವಾಗ ನೋವು ಜಾಸ್ತಿ ಅಂದರೆ ಮೊದಲು ಕೊನೆಯ ಹಲ್ಲನ್ನು ನೋಡಿಸಿ.

ಮನೆಯಲ್ಲಿ ತೊಳೆಯುವ ಕ್ರಮ

ಇದೇ ಮುಖ್ಯ ಕೆಲಸ. ಉಳಿದದ್ದೆಲ್ಲ ಇದರ ನಂತರ.

ಒಂದು ದೊಡ್ಡ ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಪೂರ್ತಿ ಕರಗಿಸಿ. ಕಲ್ಲುಪ್ಪಾದರೂ ಆದೀತು, ಪುಡಿ ಉಪ್ಪಾದರೂ ಆದೀತು, ಆದರೆ ಹರಳು ಉಳಿಯಬಾರದು. ಬಿಸಿ ಎಷ್ಟಿರಬೇಕು ಅಂದರೆ ಬೆರಳು ಅದ್ದಿ ಸುಮ್ನೆ ಹತ್ತು ಎಣಿಸುವಷ್ಟು ಹೊತ್ತು ಇಟ್ಟುಕೊಳ್ಳಲಿಕ್ಕೆ ಆಗಬೇಕು. ಒಂದು ಗುಟುಕು ತೆಗೆದುಕೊಂಡು ತಲೆಯನ್ನು ನೋವಿರುವ ಕಡೆ ವಾಲಿಸಿ, ನೀರನ್ನು ಅಲ್ಲೇ ಅರ್ಧ ನಿಮಿಷ ನಿಲ್ಲಿಸಿ, ಆಮೇಲೆ ಕೆನ್ನೆಯಿಂದ ಜೋರಾಗಿ ಒತ್ತಿ ಆಡಿಸಿ ಉಗುಳಿ. ಗಂಟಲಲ್ಲಿ ಗಳಗಳ ಮಾಡುವುದರಿಂದ ಇಲ್ಲಿ ಪ್ರಯೋಜನ ಇಲ್ಲ, ನೀರು ಆ ಸಂದಿಗೇ ಹೋಗಬೇಕು. ಲೋಟ ಖಾಲಿಯಾಗುವವರೆಗೆ ಮಾಡಿ. ಪ್ರತಿ ಸಲ ತಿಂದಾದ ಮೇಲೆ ಮತ್ತು ಮಲಗುವ ಮುಂಚೆ. ಚಾ ಜೊತೆ ಒಂದು ಬಿಸ್ಕತ್ತು ತಿಂದರೂ ಲೆಕ್ಕವೇ. ಬಿಪಿ ಇರುವವರು ನುಂಗಬೇಡಿ, ಅಷ್ಟೇ.

ನೋವಿದೆ ಅಂತ ಆ ಕಡೆ ಬ್ರಷ್ ಮಾಡುವುದನ್ನೇ ಬಿಡುತ್ತಾರೆ, ಇದರಿಂದ ಬಾವು ಇನ್ನೂ ಏರುತ್ತದೆ. ಮಕ್ಕಳ ಬ್ರಷ್ ಒಂದು ತನ್ನಿ, ಮೆತ್ತಗಿನ ಎಳೆ, ಸಣ್ಣ ತಲೆ ಇರುವಂಥದ್ದು. ಬಾಯಿ ದೊಡ್ಡದಾಗಿ ತೆರೆದರೆ ಕೆನ್ನೆ ಬಿಗಿಯಾಗಿ ಬ್ರಷ್ ಹಿಂದಕ್ಕೆ ಹೋಗುವುದೇ ಇಲ್ಲ. ಬಾಯಿಯನ್ನು ಅರ್ಧ ಮುಚ್ಚಿ, ಕೆನ್ನೆ ಸಡಿಲ ಬಿಟ್ಟು, ಬ್ರಷ್ ಒಳಗೆ ತೂರಿಸಿ. ಹಲ್ಲಿನ ಮೇಲ್ಭಾಗ, ಕೆನ್ನೆಯ ಬದಿ, ನಾಲಿಗೆಯ ಬದಿ, ಕೊನೆಗೆ ಹಲ್ಲಿನ ಹಿಂದೆ. ಸ್ವಲ್ಪ ರಕ್ತ ಬಂದರೆ ಹೆದರಬೇಡಿ, ಬಾತ ಒಸಡು ಮುಟ್ಟಿದರೆ ರಕ್ತ ಬರುತ್ತದೆ. ಎರಡು ಮೂರು ದಿನ ಮೆಲ್ಲಗೆ ಶುದ್ಧ ಮಾಡಿದರೆ ರಕ್ತ ಬರುವುದು ತಾನೇ ಕಡಿಮೆಯಾಗುತ್ತದೆ. ಬ್ರಷ್ಷಿನ ತುದಿಯಲ್ಲಿ ಒಂದೇ ಗೊಂಚಲು ಎಳೆ ಇರುವ ಬ್ರಷ್ಷೂ ಸಿಗುತ್ತದೆ, ಹಲ್ಲಿನ ವೈದ್ಯರನ್ನು ಕೇಳಿದರೆ ತರಿಸಿ ಕೊಡುತ್ತಾರೆ. ಈ ಜಾಗಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಕ್ಲೋರ್‌ಹೆಕ್ಸಿಡಿನ್ 0.2 ಪರ್ಸೆಂಟ್ ಇರುವ ಮೌತ್‌ವಾಶ್ ಮೆಡಿಕಲ್‌ಗಳಲ್ಲಿ ಸಿಗುತ್ತದೆ. ಬಾಟಲಿಯ ಮೇಲೆ ಈ ಹೆಸರು ಓದಿ ತೆಗೆದುಕೊಳ್ಳಿ, ಬರೀ ಪುದೀನ ವಾಸನೆಯ ಬಣ್ಣದ ನೀರು ಬೇಡ. ದಿನಕ್ಕೆ ಎರಡು ಸಲ, 10 ಎಂಎಲ್, ಒಂದು ನಿಮಿಷ ಬಾಯಲ್ಲಿ ಆಡಿಸಿ ಉಗುಳಬೇಕು. ಟೂತ್‌ಪೇಸ್ಟ್ ಹಾಕಿ ಉಜ್ಜಿದ ಕೂಡಲೇ ಬಳಸಬೇಡಿ, ಪೇಸ್ಟ್‌ನಲ್ಲಿರುವ ನೊರೆಯ ಅಂಶ ಇದರ ಶಕ್ತಿ ಕಡಿಮೆ ಮಾಡುತ್ತದೆ. ಅರ್ಧ ಗಂಟೆ ಅಂತರ ಇರಲಿ. ಒಂದೆರಡು ವಾರಕ್ಕಿಂತ ಜಾಸ್ತಿ ಮುಂದುವರಿಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ನಾಲಿಗೆಯ ರುಚಿಯೂ ಕೆಡುತ್ತದೆ.

ಪೇರಲ ಚಿಗುರು ಕುದಿಸಿದ ನೀರಿನಿಂದ ಮುಕ್ಕಳಿಸುವುದು ನಮ್ಮ ಹಿರಿಯರ ರೂಢಿ. ಆರಿಸಿ, ಸೋಸಿ ಬಳಸಿದರೆ ತೊಂದರೆ ಏನಿಲ್ಲ, ಬಾಯಿಗೆ ಹಿತ. ಆದರೆ ಅದು ಉಪ್ಪುನೀರಿನ ಜೊತೆಗೆ ಇರಲಿ, ಬ್ರಷ್ ಮಾಡುವುದರ ಬದಲಿಗೆ ಅಲ್ಲ.

ಕಡ್ಡಿ, ಪಿನ್ನು, ಸೂಜಿ ಹಾಕಿ ಆ ಸಂದಿಯನ್ನು ಕೆದಕಬೇಡಿ. ಒಸಡು ಹರಿದು ಸೋಂಕು ಇನ್ನೂ ಒಳಕ್ಕೆ ಹೋಗುತ್ತದೆ.

ನೋವಿಗೆ ಏನು, ಏನು ಬೇಡ

ದೊಡ್ಡವರಿಗೆ ಪ್ಯಾರಾಸಿಟಮಾಲ್ 650 ಎಂಜಿ ಒಂದು, 6 ತಾಸಿಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರು ಮೊದಲು ವೈದ್ಯರನ್ನು ಕೇಳಿ. ಬಾವು, ನೋವು ಎರಡೂ ಇದ್ದಾಗ ಐಬುಪ್ರೊಫೆನ್ 400 ಎಂಜಿ ಊಟ ಆದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ದಮ್ಮು ಇರುವವರಿಗೆ, ಹೃದಯದ ಕಾಯಿಲೆಗೆ ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುವವರಿಗೆ, ಬಸುರಿಯರಿಗೆ ಅದು ಬೇಡ. ಇನ್ನೊಂದು ಗಮನಿಸಿ. ಅಂಗಡಿಯಲ್ಲಿ ಕೊಡುವ ನೋವಿನ ಗುಳಿಗೆ ಬಹಳಷ್ಟರಲ್ಲಿ ಪ್ಯಾರಾಸಿಟಮಾಲ್ ಮೊದಲೇ ಬೆರೆತಿರುತ್ತದೆ. ಅದನ್ನೂ ನುಂಗಿ, ಜ್ವರಕ್ಕೆ ಅಂತ ಮತ್ತೆ ಪ್ಯಾರಾಸಿಟಮಾಲ್ ನುಂಗಿದರೆ ಲಿವರ್‌ಗೆ ಪೆಟ್ಟು. ಹಾಳೆಯ ಹಿಂದೆ ಬರೆದದ್ದನ್ನು ಓದಿ.

ನಮ್ಮ ಜಿಲ್ಲೆಯವರು ಒಂದು ವಿಷಯ ನೆನಪಿಡಬೇಕು. ಹಲ್ಲುನೋವಿನ ಜೊತೆ ಜೋರು ಜ್ವರ, ಮೈಕೈ ನೋವು, ತಲೆನೋವು ಇದ್ದರೆ ಎಲ್ಲವನ್ನೂ ಹಲ್ಲಿನ ಲೆಕ್ಕಕ್ಕೆ ಹಾಕಬೇಡಿ. ಸಿದ್ದಾಪುರ ಸುತ್ತಿನ ಕಾಡಿನ ಊರುಗಳಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಮಂಗನ ಕಾಯಿಲೆಯ (ಕಾಡಿನ ಉಣ್ಣೆ ಕಚ್ಚಿ ಬರುವ ಜ್ವರ, ಕೆಎಫ್‌ಡಿ) ಕಾಲ. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ. ಇವುಗಳಲ್ಲಿ ರಕ್ತಸ್ರಾವ ಆಗುವ ಅಪಾಯ ಇರುವುದರಿಂದ ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್, ಆಸ್ಪಿರಿನ್ ಯಾವುದೂ ಬೇಡ. ಪ್ಯಾರಾಸಿಟಮಾಲ್ ಒಂದೇ ಇಟ್ಟುಕೊಂಡು ರಕ್ತ ಪರೀಕ್ಷೆ ಮಾಡಿಸಿ. ತೋಟಕ್ಕೆ, ಸೊಪ್ಪಿನ ಬೆಟ್ಟಕ್ಕೆ ಹೋಗಿ ಬಂದಿದ್ದು ವೈದ್ಯರಿಗೆ ಹೇಳಿ.

ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ತಾಸುಗಟ್ಟಲೆ ಇಟ್ಟುಕೊಳ್ಳುವವರಿದ್ದಾರೆ. ಸ್ವಲ್ಪ ಹೊತ್ತು ಮರಗಟ್ಟುತ್ತದೆ ನಿಜ. ಆದರೆ ಬರೀ ಲವಂಗದ ಎಣ್ಣೆ ಒಸಡನ್ನು ಸುಡುತ್ತದೆ, ಆಮೇಲೆ ಬಾವಿನ ಮೇಲೆ ಒಂದು ಹುಣ್ಣೂ ಸೇರಿಕೊಳ್ಳುತ್ತದೆ. ಆಸ್ಪಿರಿನ್ ಗುಳಿಗೆಯನ್ನು ಹಲ್ಲಿನ ಪಕ್ಕ ಇಡುವುದು ಇದಕ್ಕಿಂತ ಕೆಟ್ಟದ್ದು, ಒಸಡು ಬೆಳ್ಳಗೆ ಸುಲಿದು ಬರುತ್ತದೆ. ಸುಣ್ಣ, ಹೊಗೆಸೊಪ್ಪಿನ ಪುಡಿ, ಪೆಟ್ರೋಲ್ ಮುಟ್ಟಿಸುವುದಂತೂ ಬೇಡವೇ ಬೇಡ. ಹೊರಗಿನಿಂದ ಕೆನ್ನೆಗೆ ಬಿಸಿ ಶಾಖ ಕೊಡಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಟ್ಟು ತೆಗೆಯಿರಿ, ನೋವಿಗೆ ಅದು ಒಳ್ಳೆಯದು.

ಊಟಕ್ಕೆ ಗಂಜಿ, ಮೆತ್ತಗಿನ ತೆಳ್ಳೇವು (ತೆಳು ದೋಸೆ), ತಂಬುಳಿ ಅನ್ನ, ಮುಳ್ಳಿಲ್ಲದ ಮೀನಿನ ತುಂಡು. ಗಟ್ಟಿ ಅವಲಕ್ಕಿ, ಹಪ್ಪಳ, ಹುರಿದ ಸಿಗಡಿ, ಚಕ್ಕುಲಿ ಬಾವು ಇಳಿಯುವವರೆಗೆ ಬದಿಗಿರಲಿ. ಖಾರ ಮತ್ತು ಮುರುಗಲು ಹುಳಿ ಉರಿ ತರುತ್ತದೆ.

ಕವಳದ ವಿಷಯ

ಇದನ್ನು ಬಿಟ್ಟು ನಮ್ಮ ಕಡೆಯ ಬಾಯಿಯ ಬಗ್ಗೆ ಬರೆದರೆ ಅದು ಪೂರ್ತಿ ಆಗುವುದಿಲ್ಲ. ಕವಳ, ಅಂದರೆ ಎಲೆ-ಅಡಿಕೆ, ಹಾಕುವವರಲ್ಲಿ ಬಹಳ ಜನ ಅದನ್ನು ಒತ್ತಿಟ್ಟುಕೊಳ್ಳುವುದು ಕೊನೆಯ ದವಡೆ ಹಲ್ಲಿನ ಪಕ್ಕದಲ್ಲೇ. ಅಡಿಕೆಯ ನಾರು, ಚೂರು ಒಸಡಿನ ಪದರದ ಕೆಳಗೆ ನೇರ ಹೋಗಿ ಕೂರುತ್ತದೆ, ಸುಣ್ಣ ಮೇಲಿನಿಂದ ಸುಡುತ್ತದೆ, ತಂಬಾಕು ಗಾಯ ಮಾಯಲಿಕ್ಕೆ ಬಿಡುವುದಿಲ್ಲ. ನನ್ನ ದೊಡ್ಡಪ್ಪನ ಮಗನಿಗೆ ಅಡಿಕೆ ಸುಲಿಯುವ ಹೊತ್ತಿನಲ್ಲೇ ಇದು ಜೋರಾಯಿತು. ಅಂಗಳದಲ್ಲಿ ಎಲ್ಲರೂ ಕೂತು ಸುಲಿಯುತ್ತಾ, ಮಾತಾಡುತ್ತಾ, ಕವಳ ಹಾಕುತ್ತಾ ಇರುವಾಗ ಅವನೊಬ್ಬ ಕೆನ್ನೆಗೆ ಕೈ ಕೊಟ್ಟು ಕೂತಿದ್ದ. "ಎಂತ ಆತೋ ಮಾಣಿ, ಊಟ ಮಾಡಿದ್ದೇ ಇಲ್ಲೆ" ಅಂತ ದೊಡ್ಡಮ್ಮ ಕೇಳಿದರೆ ಕೈಸನ್ನೆಯಲ್ಲೇ ಉತ್ತರ. ಮರುದಿನ ಶಿರಸಿಯಲ್ಲಿ ಹಲ್ಲಿನ ವೈದ್ಯರು ಮೊಂಡು ತುದಿಯ ಸಿರಿಂಜಿನಿಂದ ಒಸಡಿನ ಕೆಳಗೆ ನೀರು ಹಾಯಿಸಿದಾಗ ಮೊದಲು ಹಳದಿ ಕೀವು ಬಂತು, ಅದರ ಹಿಂದೆ ಕಂದು ನೀರು, ಆಮೇಲೆ ಉಗುರಿನ ಅಂಚಿನಷ್ಟು ಅಡಿಕೆ ಚೂರು. ಅದು ಹೊರಗೆ ಬಂದು ಕಾಲು ತಾಸಿಗೆ ಅವನು ಮಾತಾಡಿದ. ಅಲ್ಲಿಯವರೆಗೆ ನುಂಗಿದ ಗುಳಿಗೆಗಳು ಆ ಚೂರನ್ನು ಅಲುಗಾಡಿಸಿಯೂ ಇರಲಿಲ್ಲ.

ಇನ್ನೊಂದು ಇದಕ್ಕಿಂತ ಗಂಭೀರ. ಅಡಿಕೆ, ಗುಟ್ಕಾ ಅಗಿಯುವವರಲ್ಲಿ ಬಾಯಿ ತೆರೆಯದಿರುವುದಕ್ಕೆ ಬೇರೆ ಕಾರಣವೂ ಇರಬಹುದು. ಕೆನ್ನೆಯ ಒಳಗಿನ ಪದರ ನಾರುಗಟ್ಟಿ ಬಿಗಿಯುವ ಕಾಯಿಲೆ ಅದು, ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಕರೆಯುತ್ತಾರೆ. ಬುದ್ಧಿಹಲ್ಲಿನ ಬಾವಿನಲ್ಲಿ ಬಾಯಿ ಎರಡು ಮೂರು ದಿನದಲ್ಲಿ ಬಿಗಿಯುತ್ತದೆ, ಒಂದು ಕಡೆ ನೋವಿರುತ್ತದೆ, ಬಾವು ಇಳಿದರೆ ತೆರೆಯುತ್ತದೆ. ಇದು ಹಾಗಲ್ಲ. ತಿಂಗಳುಗಟ್ಟಲೆ ನಿಧಾನವಾಗಿ ಬಿಗಿಯುತ್ತಾ ಬರುತ್ತದೆ, ಖಾರ ಮುಟ್ಟಿದರೆ ಬಾಯೆಲ್ಲ ಉರಿ, ಕೆನ್ನೆಯ ಒಳಗೆ ಬೆಳ್ಳಗೆ ಮಾಸಿದ ಹಾಗೆ ಕಾಣುತ್ತದೆ, ಬೆರಳಿಗೆ ಗಟ್ಟಿ ಪಟ್ಟಿ ಸಿಕ್ಕುತ್ತದೆ. ಇದು ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಇರುವ ಸ್ಥಿತಿ. ಅಡಿಕೆ ನಮ್ಮ ಜಿಲ್ಲೆಯ ಅನ್ನ, ನಮ್ಮ ಮನೆಯ ಅನ್ನ ಕೂಡ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಗಿಯುವ ಅಡಿಕೆಯನ್ನು ತಂಬಾಕು ಇಲ್ಲದಿದ್ದರೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ, ಇದನ್ನು ಮುಚ್ಚಿಡಲಿಕ್ಕೆ ನನಗೆ ಮನಸ್ಸಿಲ್ಲ. ಬಾಯಿ ಬಿಗಿಯುತ್ತಿದೆ ಅನಿಸಿದರೆ ಕವಳ ಪೂರ್ತಿ ಬಿಟ್ಟು ತೋರಿಸಿಕೊಳ್ಳಿ.

ಯಾವಾಗ ಓಡಬೇಕು

ಗದ್ದದ ಕೆಳಗೆ ಅಥವಾ ಕುತ್ತಿಗೆಯಲ್ಲಿ ಗಟ್ಟಿ ಬಾವು ಎದ್ದು ಎರಡೂ ಕಡೆ ಹಬ್ಬುತ್ತಿದ್ದರೆ, ನಾಲಿಗೆ ಮೇಲಕ್ಕೆ ಎತ್ತಿ ಹಿಡಿದ ಹಾಗೆ ಆಗಿ ಜೊಲ್ಲು ನುಂಗಲಿಕ್ಕೂ ಆಗದೆ ಹೊರಗೆ ಸೋರುತ್ತಿದ್ದರೆ, ದನಿ ಬದಲಾಗಿದ್ದರೆ, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುತ್ತಿದ್ದರೆ ಕ್ಲಿನಿಕ್ ತೆರೆಯುವವರೆಗೆ ಕಾಯಬೇಡಿ. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಸೋಂಕು ಬಾಯಿಯ ತಳದಿಂದ ಕುತ್ತಿಗೆಗೆ ಇಳಿದು ಉಸಿರಿನ ದಾರಿಯನ್ನೇ ಮುಚ್ಚಬಹುದು. ಚಳಿ ನಡುಕದ ಜ್ವರ, ಕಣ್ಣಿನವರೆಗೆ ಏರುತ್ತಿರುವ ಬಾವು ಇದ್ದರೂ ಇದೇ ಮಾತು. ಇಂಥವರನ್ನು ಕರೆದುಕೊಂಡು ಹೋಗುವಾಗ ಕೂರಿಸಿಕೊಂಡೇ ಹೋಗಿ, ಅಂಗಾತ ಮಲಗಿಸಬೇಡಿ.

ಕಾರವಾರದಲ್ಲಿ ಕ್ರಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ) ಇದೆ, ತಾಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಆದರೆ ದೊಡ್ಡ ಶಸ್ತ್ರಚಿಕಿತ್ಸೆ, ಐಸಿಯು ಬೇಕಾದಾಗ ನಾವು ಈಗಲೂ ಗೋವಾ, ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಂತ ಓಡುವುದು ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಆ ದಾರಿಯನ್ನೂ ನಂಬಲಿಕ್ಕೆ ಆಗುವುದಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ನಾವೆಲ್ಲ ಕಂಡಿದ್ದೇವೆ. ಅದಕ್ಕೇ ಹೇಳುವುದು, ಒಮ್ಮೆ ಬಾತು ಇಳಿದ ಬುದ್ಧಿಹಲ್ಲು ಬಾಯಲ್ಲಿದ್ದರೆ ಮೇ ತಿಂಗಳ ಒಳಗೆ ಒಂದು ನಿರ್ಧಾರ ಮಾಡಿ ಮುಗಿಸಿ. ಘಟ್ಟದ ಕೆಳಗಿನ, ಮೇಲಿನ ಒಳ ಹಳ್ಳಿಯವರು ಇದನ್ನು ಮುಂದೂಡಲೇಬಾರದು.

ವೈದ್ಯರು ಮಾಡುವುದು ಏನು

ಮೊದಲ ಭೇಟಿಯಲ್ಲೇ ಹಲ್ಲು ಕೀಳುತ್ತಾರೆ ಅಂತ ಹೆದರಿ ಹೋಗದೇ ಇರುವವರು ಬಹಳ. ಜೋರು ಬಾವು, ಕೀವು ಇರುವಾಗ ಕೆಳಗಿನ ಬುದ್ಧಿಹಲ್ಲನ್ನು ಸಾಮಾನ್ಯವಾಗಿ ಅವತ್ತೇ ತೆಗೆಯುವುದಿಲ್ಲ. ಒಸಡಿನ ಕೆಳಗೆ ಸಲೈನ್ ಅಥವಾ ಔಷಧಿಯ ನೀರು ಹಾಯಿಸಿ ತೊಳೆಯುತ್ತಾರೆ, ಕೀವಿಗೆ ದಾರಿ ಮಾಡುತ್ತಾರೆ. ನೋವು ತೀರಾ ಇದ್ದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. ಬಹಳಷ್ಟು ಜನರಿಗೆ ಇಷ್ಟರಲ್ಲೇ ಅರ್ಧ ನೋವು ಹೋಗುತ್ತದೆ.

ಆ್ಯಂಟಿಬಯಾಟಿಕ್ ಎಲ್ಲರಿಗೂ ಬೇಕಾಗುವುದಿಲ್ಲ. ಜ್ವರ ಇದ್ದರೆ, ಮುಖ ಬಾತಿದ್ದರೆ, ಬಾಯಿ ಬಿಗಿದಿದ್ದರೆ, ರೋಗ ತಡೆಯುವ ಶಕ್ತಿ ಕಡಿಮೆ ಇದ್ದರೆ ಕೊಡುತ್ತಾರೆ. ಮೆಟ್ರೊನಿಡಜೋಲ್, ಅಮಾಕ್ಸಿಸಿಲಿನ್ ಸಾಮಾನ್ಯವಾಗಿ ಬರೆಯುವ ಔಷಧಿಗಳು. ಹಿಂದೆ ಪೆನ್ಸಿಲಿನ್‌ಗೆ ಮೈ ದದ್ದು ಎದ್ದಿದ್ದರೆ ಮರೆಯದೆ ಹೇಳಿ. ಮೆಟ್ರೊನಿಡಜೋಲ್ ತೆಗೆದುಕೊಳ್ಳುವಾಗ ಮತ್ತು ಮುಗಿದು ಎರಡು ದಿನದವರೆಗೆ ಫೆನ್ನಿ, ಬಿಯರ್ ಏನೂ ಮುಟ್ಟಬಾರದು, ವಾಂತಿ, ಎದೆ ಬಡಿತ ಶುರುವಾಗಬಹುದು. ವಾರ್ಫರಿನ್ ಥರದ ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುವವರು ಆ ಚೀಟಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ, ನೀವಾಗಿ ಅದನ್ನು ನಿಲ್ಲಿಸಬೇಡಿ. ಕಳೆದ ಸಲ ಉಳಿದ ಸ್ಟ್ರಿಪ್‌ನಿಂದ ಎರಡು ಆ್ಯಂಟಿಬಯಾಟಿಕ್ ತೆಗೆದು ನುಂಗುವುದು, ಅಣ್ಣನಿಗೆ ಕೊಟ್ಟದ್ದನ್ನು ತಮ್ಮ ನುಂಗುವುದು, ಇದನ್ನು ದಯವಿಟ್ಟು ನಿಲ್ಲಿಸಿ. ಮುಂದೆ ನಿಜವಾಗಿ ಬೇಕಾದಾಗ ಆ ಔಷಧಿ ನಾಟುವುದಿಲ್ಲ.

ಬಾವು ಇಳಿದ ಮೇಲೆ ಎಕ್ಸ್‌ರೇ. ಪೂರ್ತಿ ದವಡೆ ಒಂದೇ ಚಿತ್ರದಲ್ಲಿ ಬರುವ ಒಪಿಜಿ ಎಂಬ ಎಕ್ಸ್‌ರೇ ಒಳ್ಳೆಯದು. ಹಲ್ಲು ನೇರ ಇದೆಯೋ ಒರಗಿದೆಯೋ, ಬೇರು ದವಡೆಯ ಒಳಗಿನ ನರಕ್ಕೆ ಎಷ್ಟು ಹತ್ತಿರ, ಮುಂದಿನ ದವಡೆ ಹಲ್ಲು ಹುಳುಕಾಗಿದೆಯೋ ಎಲ್ಲ ಅದರಲ್ಲಿ ಕಾಣುತ್ತದೆ. ಸಣ್ಣ ಕ್ಲಿನಿಕ್‌ಗಳಲ್ಲಿ ಒಪಿಜಿ ಯಂತ್ರ ಇರುವುದಿಲ್ಲ, ಬೇರೆ ಕಡೆ ಕಳಿಸುತ್ತಾರೆ. ಫೋನ್ ಮಾಡಿ ಕೇಳಿಕೊಂಡು ಹೊರಟರೆ ಒಂದು ಬಸ್ ಚಾರ್ಜು ಉಳಿಯುತ್ತದೆ. ಆ ಎಕ್ಸ್‌ರೇ ನಿಮ್ಮದು, ಜೋಪಾನ ಇಟ್ಟುಕೊಳ್ಳಿ.

ತೆಗೆಸಬೇಕಾ, ಬೇಡವಾ

ಎಲ್ಲಾ ಬುದ್ಧಿಹಲ್ಲನ್ನೂ ತೆಗೆಸಬೇಕಾಗಿಲ್ಲ. ಬ್ರಿಟನ್ನಿನ ಆರೋಗ್ಯ ವ್ಯವಸ್ಥೆಗೆ ಸಲಹೆ ಕೊಡುವ ನೈಸ್ ಸಂಸ್ಥೆ 2000ರಲ್ಲಿ ಹೇಳಿದ್ದು ಇಷ್ಟು: ರೋಗ ಇಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಗೆ ಅಂತ ಕೀಳಬೇಡಿ, ಮೊದಲ ಸಲ ಒಸಡು ಬಾತದ್ದು ತೀರಾ ಜೋರಾಗಿಲ್ಲದಿದ್ದರೆ ಅದಕ್ಕೂ ಕೀಳಬೇಡಿ, ಎರಡನೇ ಸಲ ಬಂದರೆ ತೆಗೆಯುವುದು ಸರಿ. ನನಗೆ ಇದು ಒಪ್ಪಿಗೆಯಾಗುವ ಅಳತೆ. ಮೊದಲ ಸಲಕ್ಕೆ ತೊಳೆಸಿ, ಶುದ್ಧ ಇಟ್ಟುಕೊಂಡು ನೋಡಿ. ಹಲ್ಲು ನೇರ ಇದ್ದು, ಜಾಗ ಇದ್ದರೆ ಪೂರ್ತಿ ಹೊರಗೆ ಬಂದು ಸುಮ್ಮನಾಗಲೂಬಹುದು. ಮತ್ತೆ ಬಂದರೆ, ಅಥವಾ ಅಡ್ಡ ಹಲ್ಲು ಒತ್ತಿ ಮುಂದಿನ ಒಳ್ಳೆಯ ಹಲ್ಲು ಹುಳುಕಾಗುತ್ತಿದ್ದರೆ ತೆಗೆಸಿ. ಒಂದು ಕೆಲಸಕ್ಕೆ ಬಾರದ ಹಲ್ಲನ್ನು ಉಳಿಸಲಿಕ್ಕೆ ಹೋಗಿ ಅಗಿಯುವ ಹಲ್ಲನ್ನು ಕಳೆದುಕೊಳ್ಳುವುದು ಬೇಡ ಅಲ್ವಾ.

ಹಲ್ಲಿನ ಮೇಲೆ ಮುಚ್ಚಿಕೊಂಡ ಒಸಡನ್ನಷ್ಟೇ ಕತ್ತರಿಸಿ ತೆಗೆಯುವ ಚಿಕಿತ್ಸೆಯೂ ಇದೆ. ಸುಲಭ, ಖರ್ಚು ಕಡಿಮೆ. ಆದರೆ ಹಲ್ಲು ನೇರ ಇದ್ದು ಹಿಂದೆ ಜಾಗ ಇದ್ದರೆ ಮಾತ್ರ ಅದು ಉಳಿಯುತ್ತದೆ, ಇಲ್ಲದಿದ್ದರೆ ಒಸಡು ಮತ್ತೆ ಬೆಳೆದು ಮುಚ್ಚುತ್ತದೆ. ವೈದ್ಯರನ್ನು ಬಾಯಿಬಿಟ್ಟು ಕೇಳಿ, "ಡಾಕ್ಟ್ರೇ, ನನ್ನ ಹಲ್ಲಿಗೆ ಹಿಂದೆ ಜಾಗ ಉಂಟಾ?" ಅಂತ. ಎಕ್ಸ್‌ರೇ ತೋರಿಸಿ ವಿವರಿಸುತ್ತಾರೆ.

ಬೇರು ನರಕ್ಕೆ ತಾಗಿದ್ದರೆ ಕೆಳತುಟಿ, ಗದ್ದ ಸ್ವಲ್ಪ ಕಾಲ, ಅಪರೂಪಕ್ಕೆ ಕಾಯಂ ಆಗಿ ಮರಗಟ್ಟುವ ಅಪಾಯ ಇದೆ. ನಾಲಿಗೆಗೂ ಆಗಬಹುದು. ಅಂಥ ಹಲ್ಲನ್ನು ಬಾಯಿ ಮತ್ತು ದವಡೆಯ ಸರ್ಜನ್ ಹತ್ತಿರವೇ ಮಾಡಿಸಿ. ನಮ್ಮಂಥ ಊರುಗಳ ಎಷ್ಟೋ ಕ್ಲಿನಿಕ್‌ಗಳಿಗೆ ಸರ್ಜನ್ ಹೊರಗಿನಿಂದ ಗೊತ್ತಾದ ದಿನ ಬರುತ್ತಾರೆ, ಆ ದಿನಕ್ಕೆ ಹೆಸರು ಬರೆಸಿ. ಕೆಲವೊಮ್ಮೆ ಬೇರನ್ನು ಅಲ್ಲೇ ಬಿಟ್ಟು ಹಲ್ಲಿನ ತಲೆ ಮಾತ್ರ ತೆಗೆಯುತ್ತಾರೆ, ಅದು ಅರ್ಧ ಕೆಲಸ ಅಲ್ಲ, ನರ ಉಳಿಸುವ ಪದ್ಧತಿ. ಖರ್ಚಿನ ಚಿಂತೆ ಇರುವವರು ದಂತ ವೈದ್ಯಕೀಯ ಕಾಲೇಜುಗಳನ್ನು ವಿಚಾರಿಸಿ. ಘಟ್ಟದ ಮೇಲಿನವರಿಗೆ ಧಾರವಾಡ, ಹೊನ್ನಾವರ ಭಟ್ಕಳದವರಿಗೆ ಮಣಿಪಾಲ, ಕಾರವಾರದವರಿಗೆ ಗೋವಾದ ಬಾಂಬೋಳಿ ಹತ್ತಿರ. ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆಗೆ ಆಗುತ್ತದೆ, ಕಾಯುವುದು ಮಾತ್ರ ಜಾಸ್ತಿ.

ಬಸುರಿಯರಿಗೆ ಒಂದು ಮಾತು. ಬಾಣಂತನ ಮುಗಿಯಲಿ ಅಂತ ಕೀವು ಇಟ್ಟುಕೊಂಡು ಕೂರಬೇಡಿ. ತೊಳೆಸುವುದನ್ನು ಯಾವ ತಿಂಗಳಲ್ಲಾದರೂ ಮಾಡಿಸಬಹುದು, ಹಲ್ಲು ತೆಗೆಸಲೇಬೇಕಾದರೆ ನಾಲ್ಕರಿಂದ ಆರನೇ ತಿಂಗಳು ಅನುಕೂಲ. ಬಸುರಿ ಅನ್ನುವುದನ್ನು ಮೊದಲೇ ಹೇಳಿ.

ತೆಗೆಸಿದ ಮೇಲೆ

ಬಾಯಲ್ಲಿಟ್ಟ ಹತ್ತಿಯನ್ನು ಅರ್ಧದಿಂದ ಒಂದು ತಾಸು ಗಟ್ಟಿಯಾಗಿ ಕಚ್ಚಿ ಹಿಡಿಯಿರಿ, ಮಧ್ಯೆ ಮಧ್ಯೆ ತೆಗೆದು ನೋಡಬೇಡಿ. ಮೊದಲ ದಿನ ಉಗುಳಬಾರದು, ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಎಳನೀರು ಹೀರಬಾರದು. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮದ್ದು, ಅದು ಕಿತ್ತು ಬಂದರೆ ಎಲುಬು ತೆರೆದುಕೊಂಡು ಕೆಟ್ಟ ನೋವು ಶುರುವಾಗುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಹೀಗಾಗುವುದು ಜಾಸ್ತಿ. ಗಾಯ ಕೂಡುವವರೆಗೆ ಕವಳ ಹತ್ತಿರವೂ ತರಬೇಡಿ. ಊಟಕ್ಕೆ ಆರಿದ ಗಂಜಿ, ಅಂಬಲಿ, ಮಜ್ಜಿಗೆ ಅನ್ನ. ಎಳನೀರನ್ನು ಲೋಟಕ್ಕೆ ಹಾಕಿ ಕುಡಿಯಿರಿ. ಉಪ್ಪುನೀರು ಮರುದಿನದಿಂದ, ಮೆಲ್ಲಗೆ.

ಬಾವು ಎರಡನೇ ಮೂರನೇ ದಿನ ಸ್ವಲ್ಪ ಏರಿ ಆಮೇಲೆ ಇಳಿಯುವುದು ಸಹಜ. ನೋವು ಮಾತ್ರ ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದ ನೋವು ಮೂರನೇ ನಾಲ್ಕನೇ ದಿನ ತಿರುಗಿ ಜೋರಾಗಿ ಕಿವಿಗೆ ಹೊಡೆದರೆ, ಬಾಯಿ ನಾರುತ್ತಿದ್ದರೆ ಅದೇ ಎಲುಬು ತೆರೆದದ್ದು. ವೈದ್ಯರು ಗುಳಿ ತೊಳೆದು ಔಷಧಿಯ ಬಟ್ಟೆ ತುಂಬಿದರೆ ಬೇಗ ಹಿತವಾಗುತ್ತದೆ. ಹೊಲಿಗೆ ಹಾಕಿದ್ದರೆ ಸುಮಾರು ವಾರಕ್ಕೆ ತೆಗೆಯಲಿಕ್ಕೆ ಕರೆಯುತ್ತಾರೆ. ಅಷ್ಟು ಹೊತ್ತಿಗೂ ತುಟಿ ಅಥವಾ ನಾಲಿಗೆ ಮರಗಟ್ಟಿದ ಹಾಗೇ ಇದ್ದರೆ ಅವತ್ತೇ ಹೇಳಿ, ಎಷ್ಟು ಜಾಗ ಮರಗಟ್ಟಿದೆ ಅಂತ ಗುರುತು ಬರೆಸಿಕೊಳ್ಳಿ. ಮುಂದಿನ ತಿಂಗಳುಗಳಲ್ಲಿ ಅದು ಕಡಿಮೆಯಾಗುತ್ತಿದೆಯೋ ಇಲ್ಲವೋ ನೋಡಲಿಕ್ಕೆ ಅದು ಬೇಕಾಗುತ್ತದೆ.